ಎಡಿನ್‌ಬರೋ ಬಿಟ್ಟು ಹಳ್ಳಿಗೆ ಹೋಗುವ ಯೋಚನೆ: ಕ್ರೀಫ್, ಕಾಮ್ರಿ ಕಡೆ ಇರುವವರು ದಯವಿಟ್ಟು ಹೇಳಿ

ಹೇಮಾವತಿತೀರ

ಎಲ್ಲರಿಗೂ ನಮಸ್ಕಾರ. ಎಡಿನ್‌ಬರೋದಲ್ಲಿ ನಾವಿರುವುದು ಮೂರನೆಯ ಮಹಡಿಯ ಬಾಡಿಗೆ ಮನೆ. ಕೆಳಗೆ ಪಬ್ಬು, ಮೇಲೆ ರಾತ್ರಿ ಹನ್ನೊಂದಕ್ಕೆ ವಾಷಿಂಗ್ ಮೆಷಿನ್ ಹಾಕುವ ಮಹಾನುಭಾವರು. ಆಗಸ್ಟ್‌ನಲ್ಲಿ ಉತ್ಸವ ಶುರುವಾದರೆ ನಮ್ಮದೇ ಬಾಗಿಲು ಮುಟ್ಟಲು ಜನರನ್ನು ಸರಿಸಿಕೊಂಡು ಬರಬೇಕು. ನನಗೆ ವಾರಕ್ಕೆ ಎರಡು ದಿನ ಮಾತ್ರ ಕಚೇರಿ, ಯಜಮಾನರಿಗೆ ಪೂರ್ತಿ ಮನೆಯಿಂದಲೇ ಕೆಲಸ. ಮಗಳಿಗೆ ಎಂಟು ವರ್ಷ. ಆದ್ದರಿಂದ ಸ್ಕಾಟ್‌ಲೆಂಡ್‌ನ ಪರ್ತ್‌ಶೈರ್‌ನಲ್ಲಿ, ಕ್ರೀಫ್ ಮತ್ತು ಕಾಮ್ರಿ ಸುತ್ತಮುತ್ತ ಎಲ್ಲಾದರೂ ಮನೆ ಕೊಳ್ಳೋಣವೆಂದು ಹೊರಟಿದ್ದೇವೆ. ಜೂನ್‌ನಲ್ಲಿ ಹೋಗಿ ಒಂದು ಹಳೆಯ ಕಲ್ಲಿನ ಮನೆ ನೋಡಿದೆವು. ರಾತ್ರಿ ಹತ್ತಾದರೂ ಬೆಳಕು, ಎದುರಿಗೆ ಗುಡ್ಡ, ಹಿತ್ತಲಿಗೆ ತಾಗಿದ ಹೊಳೆ. ಯಜಮಾನರು ಅಲ್ಲೇ ಮನಸೋತರು.

ಅಂಥ ಕಡೆ ನಿಜವಾಗಿ ಬಾಳುತ್ತಿರುವವರು ಹೇಳಿ: ಚಳಿಗಾಲ ಹೇಗೆ, ಶಾಲೆ ಹೇಗೆ, ಜನ ಹೇಗೆ? ಯಜಮಾನರಿಗೆ ಇಲ್ಲಿ ಕಾರು ಓಡಿಸುವ ಪರವಾನಗಿ ಇಲ್ಲ. ಅದು ದೊಡ್ಡ ತೊಡಕೇ?

ಗುಡ್ಡದಡಿ

ಜೂನ್‌ನಲ್ಲಿ ನೋಡಿದ ಮನೆಯನ್ನು ಡಿಸೆಂಬರ್‌ನಲ್ಲಿ ಮತ್ತೊಮ್ಮೆ ನೋಡದೆ ಕೊಳ್ಳಬೇಡಿ. ಅರ್ನ್ ನದಿಯ ಕಣಿವೆಯಲ್ಲಿ ಸಂಸಾರ ಹೂಡಿ ವರ್ಷಗಳಾದವು, ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ.

ಕಾಮ್ರಿ ಇರುವುದು 56 ಡಿಗ್ರಿಗೂ ಮೇಲಿನ ಅಕ್ಷಾಂಶದಲ್ಲಿ. ನಡು ಬೇಸಿಗೆಯಲ್ಲಿ 17 ಗಂಟೆಗೂ ಹೆಚ್ಚು ಹಗಲು. ಡಿಸೆಂಬರ್ ಕೊನೆಯಲ್ಲಿ ಏಳು ಗಂಟೆಯೂ ಇಲ್ಲ. ಅದನ್ನು ಎಡಿನ್‌ಬರೋದಲ್ಲೂ ಕಂಡಿದ್ದೀರಿ. ಕಾಣದಿರುವುದು ಗುಡ್ಡದ ಕಿತಾಪತಿ. ಆ ದಿನಗಳಲ್ಲಿ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ ಹತ್ತು ಡಿಗ್ರಿಯಷ್ಟೇ ಮೇಲಿರುತ್ತಾನೆ. ಮನೆಯ ದಕ್ಷಿಣಕ್ಕೆ ಸಾಧಾರಣ ಎತ್ತರದ ಗುಡ್ಡವಿದ್ದರೂ ಸಾಕು, ವಾರಗಟ್ಟಲೆ ಅಂಗಳಕ್ಕೆ ಬಿಸಿಲು ಬೀಳುವುದಿಲ್ಲ. ಅಂಥ ಅಂಗಳದಲ್ಲಿ ಕಟ್ಟಿದ ಮಂಜುಗಡ್ಡೆ ಕರಗುವುದೂ ಇಲ್ಲ. ಕಣಿವೆಯ ಒಂದು ಮಗ್ಗುಲಿನ ಮನೆಗಳಲ್ಲಿ ಬಿಸಿಲು ಹರಡಿರುವಾಗ ಎದುರು ಮಗ್ಗುಲಿನವರು ಮಧ್ಯಾಹ್ನ ಎರಡಕ್ಕೇ ದೀಪ ಹಾಕಿಕೊಂಡಿರುತ್ತಾರೆ. ಬೆಲೆಯಲ್ಲಿ ಈ ವ್ಯತ್ಯಾಸ ಕಾಣಿಸುವುದಿಲ್ಲ, ಏಕೆಂದರೆ ಜಾಹೀರಾತಿನ ಫೋಟೊಗಳನ್ನೆಲ್ಲ ಮೇ ತಿಂಗಳಲ್ಲಿ ತೆಗೆಯುತ್ತಾರೆ.

ಮೌನಕ್ಕಾಗಿ ಬರುತ್ತಿದ್ದೀರೆಂದು ಕಾಣುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಬಿತ್ತನೆಯಾದ ಹೊಲದಲ್ಲಿ ಹಕ್ಕಿ ಓಡಿಸಲು ಗ್ಯಾಸ್ ಬಂದೂಕು ಇಡುತ್ತಾರೆ, ಬೆಳಗಿನಿಂದ ಢಮ್ಮೆನ್ನುತ್ತಿರುತ್ತದೆ. ತಾಯಿಯಿಂದ ಮರಿ ಬೇರ್ಪಡಿಸಿದ ರಾತ್ರಿ ಇಡೀ ಮಂದೆ ಅರಚುತ್ತದೆ. ವಾಯುಪಡೆಯ ಜೆಟ್‌ಗಳು ತರಬೇತಿಗೆಂದು ಗುಡ್ಡಗಳ ನಡುವೆ ಹೆಂಚು ಹಾರುವಂತೆ ಸಾಗುತ್ತವೆ. ಕುಯಿಲಿನ ಕಾಲದಲ್ಲಿ ಮಳೆಯ ಮುನ್ಸೂಚನೆ ಇದ್ದರೆ ಯಂತ್ರ ನಡುರಾತ್ರಿಯವರೆಗೂ ನಿಲ್ಲುವುದಿಲ್ಲ. ಭಾನುವಾರದ ಎ85 ರಸ್ತೆಯ ಬೈಕ್‌ಗಳದ್ದು ಬೇರೆಯೇ ಕಥೆ. ಇವೆಲ್ಲದರ ನಡುವೆ ಇರುವ ಮೌನ ಮಾತ್ರ ಅಪ್ಪಟ ಮೌನ, ಅದರಲ್ಲಿ ಎರಡು ಮಾತಿಲ್ಲ.

ಇನ್ನು ಕಾರು. ಹೌದು, ತೊಡಕೇ. ಕ್ರೀಫ್‌ಗೂ ಕಾಮ್ರಿಗೂ 1964ರಿಂದ ರೈಲಿಲ್ಲ. ನಿಮಗೆ ಹತ್ತಿರದ ನಿಲ್ದಾಣ ಗ್ಲೆನೀಗಲ್ಸ್, ಅಲ್ಲಿಗೇ ಕಾರು ಬೇಕು. ಪರ್ತ್‌ನಿಂದ ಕ್ರೀಫ್ ಮಾರ್ಗವಾಗಿ ಕಾಮ್ರಿಗೆ ಬಸ್ಸಿದೆ. ಆದರೆ ಮನೆ ಮುಖ್ಯರಸ್ತೆಯಿಂದ ಎರಡು ಮೈಲಿ ಒಳಗಿದ್ದರೆ ಬಸ್ಸು ಇದ್ದೂ ಇಲ್ಲ.

ಕೆಲ್ವಿನ್‌ದಡ

ನಾನು ಹೋಗಿ ವಾಪಸ್ ಬಂದವನು, ನನ್ನ ಮಾತನ್ನೂ ಕೇಳಿ. ಬಾರ್ಡರ್ಸ್ ಪ್ರದೇಶದ ಒಂದು ಹಳ್ಳಿಯಲ್ಲಿದ್ದೆವು. ಈಗ ಗ್ಲಾಸ್ಗೋದಲ್ಲಿ ಸುಖವಾಗಿದ್ದೇವೆ, ಗಲಾಟೆಯ ನಡುವೆಯೇ.

ಜನ ಒಳ್ಳೆಯವರು. ರಸ್ತೆಯಲ್ಲಿ ಎದುರಾದ ಪ್ರತಿಯೊಬ್ಬರೂ ಕೈ ಎತ್ತುತ್ತಾರೆ, ಹವಾಮಾನದ ಬಗ್ಗೆ ಎರಡು ಮಾತಾಡುತ್ತಾರೆ. ಅಲ್ಲಿಗೆ ಮುಗಿಯಿತು. ನಮ್ಮ ಕಡೆಯಂತೆ ಸಂಜೆ ಸುಮ್ಮನೆ ಬಂದು ಜಗಲಿಯಲ್ಲಿ ಕುಳಿತು ಕಾಫಿ ಕುಡಿದು ಹೋಗುವವರು ಯಾರೂ ಇಲ್ಲ. ಆದರೂ ನಾವು ಯಾವಾಗ ಊರಿಗೆ ಹೋದೆವು, ಯಾವಾಗ ಬಂದೆವು, ಹೊಸ ಸೋಫಾ ಯಾವ ಬಣ್ಣದ್ದು ಎಂಬುದು ಎಲ್ಲರಿಗೂ ತಿಳಿದಿರುತ್ತಿತ್ತು. ಚಳಿಗಾಲದಲ್ಲಿ ಐದಾರು ತಿಂಗಳು ಕತ್ತಲು, ತೇವ, ಮತ್ತೆ ಅದೇ ಮುಖಗಳು. ಮಗ ಹದಿನಾಲ್ಕಕ್ಕೆ ಕಾಲಿಟ್ಟ ಮೇಲೆ ನಾನು ಬರೀ ಚಾಲಕನಾದೆ: ಫುಟ್‌ಬಾಲ್‌ಗೆ ಬಿಡು, ಗೆಳೆಯನ ಮನೆಯಿಂದ ತಾ. ಎಂಟು ವರ್ಷದ ಮಗುವಿಗೆ ಹಳ್ಳಿ ಸ್ವರ್ಗ. ಆದರೆ ಮಗು ಎಂಟಕ್ಕೇ ನಿಲ್ಲುವುದಿಲ್ಲ.

ಗುಡ್ಡದಡಿ

ಮಕ್ಕಳ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಈಗೊಂದು ಅನುಕೂಲವಿದೆ: 2022ರ ಜನವರಿಯಿಂದ ಸ್ಕಾಟ್‌ಲೆಂಡ್‌ನಲ್ಲಿ 22 ತುಂಬದವರಿಗೆ ಬಸ್ ಪ್ರಯಾಣ ಉಚಿತ. ಕಾರ್ಡ್ ಮಾಡಿಸಬೇಕು ಅಷ್ಟೆ. ಬಸ್ ಮಾರ್ಗದ ಹಳ್ಳಿಯಲ್ಲಿದ್ದರೆ ಹದಿಹರೆಯದವರಿಗೆ ಅದು ದೊಡ್ಡ ಸ್ವಾತಂತ್ರ್ಯ.

ಜನರ ವಿಷಯದಲ್ಲಿ ಮಾತ್ರ ಒಪ್ಪಲಾರೆ. ಅವರು ಮನೆಗೆ ಕರೆಯುವುದಿಲ್ಲ, ಹಾಲ್‌ಗೆ ಕರೆಯುತ್ತಾರೆ. ಹಾಲ್ ಎಂದರೆ ಊರಿನ ಸಮುದಾಯ ಭವನ. ಅಲ್ಲಿ ನಡೆಯುವ ಯಾವುದೂ ಸಂಬಳದ ಕೆಲಸವಲ್ಲ. ಶನಿವಾರ ಬೆಳಗಿನ ಕಾಫಿ ಕೂಟಕ್ಕೆ ಸ್ಕೋನ್ ಎಂಬ ಬನ್ನಿನಂಥ ತಿನಿಸು ಬೇಯಿಸುವವರು, ದೊಡ್ಡ ಚಹಾ ಪಾತ್ರೆಗೆ ನೀರು ತುಂಬಿಸುವವರು, ಲಾಟರಿ ಚೀಟಿ ಹರಿಯುವವರು, ಕೊನೆಗೆ ಕುರ್ಚಿ ಜೋಡಿಸಿ ಬೀಗ ಹಾಕುವವರು, ಎಲ್ಲರೂ ಊರಿನವರೇ. ಚೀಟಿಯಲ್ಲಿ ಸರದಿ ಬರೆದು ಬಾಗಿಲಿನ ಹಿಂದೆ ಅಂಟಿಸಿರುತ್ತಾರೆ. ಆ ಚೀಟಿಯಲ್ಲಿ ನಿಮ್ಮ ಹೆಸರು ಬರುವವರೆಗೆ ನೀವು ನೆಂಟರು. ಬಂದ ಮೇಲೆ ನಿಮ್ಮ ಮೇಲೆ ಗೊಣಗುವ ಹಕ್ಕು ಅವರಿಗೂ, ಅವರ ಮೇಲೆ ಗೊಣಗುವ ಹಕ್ಕು ನಿಮಗೂ ದಕ್ಕುತ್ತದೆ. ಚಟ್ನಿಪುಡಿ ಸವರಿದ ಚೀಸ್ ಸ್ಕೋನ್ ಮಾಡಿಕೊಂಡು ಹೋಗಿ, ಸರದಿಯಲ್ಲಿ ಬೇಗ ಹೆಸರು ಬರುತ್ತದೆ.

ಕಾಮ್ರಿಯವರನ್ನೇ ನೋಡಿ. ಊರ ಹೊರಗಿನ ಕಲ್ಟಿಬ್ರ್ಯಾಗನ್ ಎಂಬಲ್ಲಿ ಎರಡನೆಯ ಮಹಾಯುದ್ಧದ ಕಾಲದ ಯುದ್ಧಕೈದಿಗಳ ಶಿಬಿರವಿತ್ತು, ಅರ್ಧ ಕೊಳವೆಯಾಕಾರದ ತಗಡಿನ ಮನೆಗಳ ಸಾಲು ಸಾಲು. ಸೇನೆ ಅದನ್ನು ಮಾರಲು ಹೊರಟಾಗ ಊರಿನವರು ಟ್ರಸ್ಟ್ ಕಟ್ಟಿ 2007ರಲ್ಲಿ ತಾವೇ ಕೊಂಡರು. 2003ರ ಭೂಸುಧಾರಣಾ ಕಾಯಿದೆ ಇಲ್ಲಿನ ಸಮುದಾಯಗಳಿಗೆ ಹಾಗೆ ಮೊದಲು ಕೊಳ್ಳುವ ಹಕ್ಕು ಕೊಟ್ಟಿದೆ. ಈಗ ಅಲ್ಲಿ ಸಣ್ಣ ಉದ್ದಿಮೆಗಳಿವೆ, ತರಕಾರಿ ಪಾತಿಗಳಿವೆ, ಪ್ರವಾಸಿಗರು ತಂಗುವ ಗುಡಿಸಲುಗಳಿವೆ. ಇದೇ ಊರು 19ನೆಯ ಶತಮಾನದಲ್ಲಿ ಭೂಕಂಪದ ಲೆಕ್ಕವನ್ನೂ ಇಟ್ಟಿತ್ತು. ಹೈಲ್ಯಾಂಡ್ ಅಂಚಿನ ಸ್ತರಭಂಗದ, ಅಂದರೆ ನೆಲದಾಳದ ಬಿರುಕಿನ ಮೇಲೆ ಕುಳಿತಿರುವುದರಿಂದ ಕಾಮ್ರಿಗೆ ಆಗಾಗ ಸಣ್ಣ ನಡುಕ ಬರುತ್ತಿರುತ್ತದೆ. ಅದನ್ನು ಬರೆದಿಡಲು ಶುರು ಮಾಡಿದ್ದು ಊರಿನ ಪೋಸ್ಟ್ ಮಾಸ್ಟರ್ ಮತ್ತು ಬೂಟು ಹೊಲಿಯುವ ಒಬ್ಬ ಕಸುಬುದಾರ. ಹೆದರಬೇಡಿ, ಕಪಾಟಿನ ಲೋಟವೂ ಉರುಳುವುದಿಲ್ಲ.

ಡಾನ್‌ಕಣಿವೆ

ಅಬರ್ಡೀನ್‌ಶೈರ್‌ನಿಂದ ಬರೆಯುತ್ತಿದ್ದೇನೆ. ಚಳಿಗಾಲ ಹೇಗೆ ಎಂದು ಕೇಳಿದ್ದೀರಿ. ಚಳಿಗಿಂತ ವಿದ್ಯುತ್ತಿನ ಬಗ್ಗೆ ಯೋಚಿಸಿ.

2021ರ ನವೆಂಬರ್ 26ರಂದು ಆರ್ವೆನ್ ಬಿರುಗಾಳಿ ಬಂತು. ಇಲ್ಲಿ ಗಾಳಿ ಸಾಮಾನ್ಯವಾಗಿ ನೈಋತ್ಯದಿಂದ ಬೀಸುತ್ತದೆ, ಮರಗಳು ಬೇರು ಬಿಟ್ಟಿರುವುದೂ ಅದಕ್ಕೆ ತಕ್ಕಂತೆ. ಆರ್ವೆನ್ ಬಂದದ್ದು ಉತ್ತರದಿಂದ. ನೂರು ವರ್ಷದ ಮರಗಳೆಲ್ಲ ತಂತಿಗಳ ಮೇಲೆ ಮಲಗಿದವು. ಕೆಲವು ಮನೆಗಳಿಗೆ ಒಂದು ವಾರ ಕಳೆದರೂ ಕರೆಂಟು ಬರಲಿಲ್ಲ.

ಕರೆಂಟು ಹೋದರೆ ದೀಪ ಹೋಗುತ್ತದೆ ಎಂದಷ್ಟೇ ಪಟ್ಟಣದವರು ತಿಳಿದಿರುತ್ತಾರೆ. ನಮಗೆ ಬೋರ್‌ವೆಲ್ ನೀರು, ಪಂಪು ನಿಂತಿತು. ನೀರನ್ನು ಶುದ್ಧ ಮಾಡುವ ನೇರಳಾತೀತ ದೀಪ ಆರಿತು. ಎಣ್ಣೆಯ ಬಾಯ್ಲರ್‌ಗೂ ಕಿಡಿ ಹೊತ್ತಿಸಲು ಕರೆಂಟು ಬೇಕು, ಟ್ಯಾಂಕ್ ತುಂಬ ಎಣ್ಣೆ ಇದ್ದೂ ಮನೆ ತಣ್ಣಗಾಯಿತು. ಫೋನು ಬ್ರಾಡ್‌ಬ್ಯಾಂಡ್ ಮೂಲಕ ಬರುತ್ತಿದ್ದರಿಂದ ಅದೂ ಸತ್ತಿತು. ಮೊಬೈಲ್ ಗೋಪುರದ ಬ್ಯಾಟರಿ ಮುಗಿದ ಮೇಲೆ ಸಿಗ್ನಲ್ಲೂ ಇಲ್ಲ. ಉಳಿದದ್ದು ಸೌದೆ ಒಲೆ ಮತ್ತು ಪಕ್ಕದ ತೋಟದ ರೈತ. ಅವನು ಟ್ರ್ಯಾಕ್ಟರ್‌ನಲ್ಲಿ ಗರಗಸ ಹೇರಿಕೊಂಡು ಬಂದು ನಮ್ಮ ರಸ್ತೆ ಬಿಡಿಸಿದ, ಹಾಲಿನ ಕ್ಯಾನಿನಲ್ಲಿ ನೀರು ತಂದುಕೊಟ್ಟ. ನಮ್ಮ ಒಲೆಯ ಮೇಲೆ ಬೆಂದ ಬೇಳೆ ಸಾರನ್ನು ಅವನ ಮನೆಯವರೂ ಉಂಡರು.

ಆದ್ದರಿಂದ: ಸೌದೆ ಒಲೆ ಇರುವ ಮನೆಯನ್ನೇ ನೋಡಿ. ಒಣ ಸೌದೆ ಬೇಸಿಗೆಯಲ್ಲೇ ತುಂಬಿಸಿ. ಕ್ಯಾಂಪಿಂಗ್ ಗ್ಯಾಸ್ ಒಲೆ, ಪವರ್ ಬ್ಯಾಂಕ್, ಬ್ಯಾಟರಿಯ ರೇಡಿಯೊ ಇರಲಿ. ಕರೆಂಟು ಹೋದರೆ ಕರೆ ಮಾಡಬೇಕಾದದ್ದು 105. ಮನೆಯಲ್ಲಿ ಹಸುಗೂಸೋ ವಯಸ್ಸಾದವರೋ ಇದ್ದರೆ ಆದ್ಯತೆಯ ಪಟ್ಟಿಯಲ್ಲಿ ಮೊದಲೇ ಹೆಸರು ಬರೆಸಬಹುದು.

ಹೇಮಾವತಿತೀರ

ಓದಿ ಯಜಮಾನರ ಮುಖ ಸ್ವಲ್ಪ ಸಣ್ಣದಾಯಿತು! ಎಣ್ಣೆ ಎಂದಿರಿ, ಅದೇನು? ಆ ಮನೆಯ ಹಿಂದೆ ಹಸಿರು ಪ್ಲಾಸ್ಟಿಕ್ ಟ್ಯಾಂಕ್ ಇತ್ತು, ಮಳೆನೀರಿಗೆ ಎಂದುಕೊಂಡಿದ್ದೆವು.

ಗುಡ್ಡದಡಿ

ಅದು ಸೀಮೆಎಣ್ಣೆಯ ಟ್ಯಾಂಕ್. ನಗುವಿಗಲ್ಲ, ನಿಜವಾಗಿಯೂ ಸೀಮೆಎಣ್ಣೆ. ಗ್ಯಾಸ್ ಕೊಳವೆ ಬಾರದ ಕಡೆ ಮನೆ ಬೆಚ್ಚಗಿಡುವುದು ಅದೇ. ಸಾಮಾನ್ಯವಾಗಿ ಒಮ್ಮೆಗೆ ಕನಿಷ್ಠ 500 ಲೀಟರ್ ತರಿಸಬೇಕು, ಹಣ ಒಟ್ಟಿಗೆ ಕೊಡಬೇಕು. ಬೆಲೆ ವಾರವಾರಕ್ಕೂ ಏರಿಳಿಯುತ್ತದೆ. 2022ರಲ್ಲಿ ಏರಿದ ರೀತಿ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಊರಿನ ಹಲವರು ಸೇರಿ ಒಂದೇ ಲಾರಿಯಲ್ಲಿ ತರಿಸಿದರೆ ಸ್ವಲ್ಪ ಅಗ್ಗ. ಟ್ಯಾಂಕಿನ ಮಟ್ಟ ಸೆಪ್ಟೆಂಬರ್‌ನಲ್ಲೇ ನೋಡಿಕೊಳ್ಳಿ. ಹಿಮ ಬಿದ್ದ ಮೇಲೆ ಲಾರಿ ನಿಮ್ಮ ಓಣಿಗೆ ಬಂದರೆ ಪುಣ್ಯ.

ಟ್ಯಾಂಕ್ ಇದೆಯೆಂದರೆ ಸೆಪ್ಟಿಕ್ ಟ್ಯಾಂಕ್ ಕೂಡ ಇರಬಹುದು. ಯಾರ ಜಾಗದಲ್ಲಿದೆ, ಎಷ್ಟು ಮನೆಗಳಿಗೆ ಸೇರಿದೆ, ಪರಿಸರ ಸಂರಕ್ಷಣಾ ಸಂಸ್ಥೆಯಲ್ಲಿ ನೋಂದಣಿಯಾಗಿದೆಯೇ, ಕೊನೆಯ ಬಾರಿ ಯಾವಾಗ ಖಾಲಿ ಮಾಡಿಸಿದ್ದರು, ಇವಿಷ್ಟು ಕೇಳಿ.

ಪತ್ರಪಾಣಿ

ಕೊಳ್ಳುವ ಕ್ರಮದ ಬಗ್ಗೆ. ಸ್ಕಾಟ್‌ಲೆಂಡ್‌ನ ಪದ್ಧತಿ ಇಂಗ್ಲೆಂಡಿನದಲ್ಲ. ಮಾರುವವರೇ ಹೋಮ್ ರಿಪೋರ್ಟ್ ಮಾಡಿಸಿ ಕೊಡಬೇಕು, 2008ರಿಂದ ಹಾಗೆ. ಮನೆಯ ಸ್ಥಿತಿ, ಮೌಲ್ಯ, ಶಕ್ತಿ ಬಳಕೆಯ ದರ್ಜೆ, ಮಾರುವವರ ಉತ್ತರಗಳು ಎಲ್ಲ ಅದರಲ್ಲಿರುತ್ತವೆ. ಜಾಹೀರಾತಿನಲ್ಲಿ ‘ಆಫರ್ಸ್ ಓವರ್’ ಎಂದಿದ್ದರೆ ಆ ಮೊತ್ತಕ್ಕಿಂತ ಮೇಲೆ ಕೂಗಬೇಕು ಎಂದರ್ಥ. ಆಸಕ್ತರು ಹೆಚ್ಚಿದ್ದರೆ ಒಂದು ಗಡುವು ಇಟ್ಟು, ಎಲ್ಲರಿಂದ ಮುಚ್ಚಿದ ಬೆಲೆ ತೆಗೆದುಕೊಳ್ಳುತ್ತಾರೆ. ಪಕ್ಕದವರು ಎಷ್ಟು ಬರೆದಿದ್ದಾರೆ ಎಂದು ತಿಳಿಯುವುದಿಲ್ಲ. ವಕೀಲರ ಮೂಲಕವೇ ನಡೆಯುತ್ತದೆ. ಎರಡೂ ಕಡೆಯ ವಕೀಲರ ಪತ್ರಗಳು ಒಪ್ಪಂದಕ್ಕೆ ಬಂದ ಮೇಲೆ ಹಿಂದೆ ಸರಿದರೆ ದಂಡ ತೆರಬೇಕಾದೀತು.

ನನಗೆ ಕಿವಿ ನಿಮಿರಿದ್ದು ‘ಹಿತ್ತಲಿಗೆ ತಾಗಿದ ಹೊಳೆ’ ಎಂಬಲ್ಲಿ. ಕಾಮ್ರಿಯಲ್ಲಿ 2012ರಲ್ಲಿ ಆಗಸ್ಟ್ ಒಮ್ಮೆ, ನವೆಂಬರ್ ಒಮ್ಮೆ, ಎರಡು ಸಲ ಮನೆಗಳಿಗೆ ನೀರು ನುಗ್ಗಿತ್ತು. ಅಲ್ಲಿ ಅರ್ನ್ ನದಿಗೆ ರುಖಿಲ್, ಲೆಡ್‌ನಕ್ ಎಂಬ ಎರಡು ಹೊಳೆಗಳು ಬಂದು ಸೇರುತ್ತವೆ, ಗುಡ್ಡದ ಮಳೆ ಬಹಳ ಬೇಗ ಊರಿಗಿಳಿಯುತ್ತದೆ. ಪ್ರವಾಹ ನಕ್ಷೆ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಮನೆಯ ವಿಮೆ ಎಷ್ಟಾಗುತ್ತದೆ ಎಂದು ಬೆಲೆ ಕೂಗುವ ಮೊದಲೇ ವಿಚಾರಿಸಿ.

ಶಾಸನಪ್ರಿಯ

ಈ ಮಾರ್ಗದಲ್ಲಿ ಮನೆ ಹುಡುಕುವ ಕನ್ನಡಿಗರಿಗೆ ಒಂದು ವಿಷಯ ಗೊತ್ತಿರಲಿ. ಕ್ರೀಫ್‌ನಿಂದ ಕಾಮ್ರಿಗೆ ಹೋಗುವಾಗ ಟಾಮ್ ಆ ಖಾಸ್ಟೆಲ್ ಎಂಬ ಗುಡ್ಡದ ನೆತ್ತಿಯ ಮೇಲೆ ಒಂದು ಕಲ್ಲಿನ ಸ್ತಂಭ ಕಾಣುತ್ತದೆ. ಅದು ಸರ್ ಡೇವಿಡ್ ಬೇರ್ಡ್ ಸ್ಮಾರಕ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯ ಬಿರುಕಿನೊಳಗೆ ಸೈನ್ಯ ನುಗ್ಗಿಸಿದವನು ಇವನೇ. ಅದಕ್ಕೂ ಮೊದಲು, 1780ರ ಪೊಲ್ಲಿಲೂರು ಯುದ್ಧದಲ್ಲಿ ಹೈದರನ ಪಡೆಗೆ ಸೆರೆಸಿಕ್ಕಿ, ಅದೇ ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಬಂಧಿಯಾಗಿದ್ದವನು. ಕೊನೆಗಾಲದಲ್ಲಿ ಕ್ರೀಫ್ ಬಳಿಯ ಜಮೀನಿನಲ್ಲಿ ನೆಲೆಸಿ 1829ರಲ್ಲಿ ತೀರಿಕೊಂಡ. ಸ್ತಂಭ ನಿಲ್ಲಿಸಿದವಳು ಅವನ ಹೆಂಡತಿ. ಮುಂದೆ ಕಾಮ್ರಿಯ ಮೇಲಿನ ಡನ್‌ಮೋರ್ ಗುಡ್ಡದಲ್ಲಿ ಇನ್ನೊಂದು ಸ್ತಂಭ, ಹೆನ್ರಿ ಡಂಡಾಸ್‌ನದು. ಟಿಪ್ಪು ಮಡಿದ ವರ್ಷ ಲಂಡನ್‌ನಲ್ಲಿ ಕುಳಿತು ಕಂಪನಿಯ ಮೇಲುಸ್ತುವಾರಿ ನೋಡುತ್ತಿದ್ದ ಮಂಡಳಿಯ ಮುಖ್ಯಸ್ಥ. ಮಂಡ್ಯದಿಂದ ಬಂದ ನನ್ನ ಮಾವನವರನ್ನು ಅಲ್ಲಿಗೆ ಕರೆದೊಯ್ದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ ‘ಇಷ್ಟು ಚಳಿಯ ಊರಿನವನಿಗೆ ನಮ್ಮ ಮೇ ತಿಂಗಳ ಬಿಸಿಲು ಹೇಗಾಯಿತೋ’ ಎಂದರು.

ಕೆಲ್ವಿನ್‌ದಡ

ಅದ್ಭುತ, ಆದರೆ ಪಾಪ ಅವರು ಕೇಳಿದ್ದು ಶಾಲೆಯ ಬಗ್ಗೆ.

ಗುಡ್ಡದಡಿ

ಶಾಲೆ: ಕಾಮ್ರಿಯಲ್ಲೇ ಪ್ರಾಥಮಿಕ ಶಾಲೆಯಿದೆ, ಹೈಸ್ಕೂಲಿಗೆ ಕ್ರೀಫ್. ಸಣ್ಣ ಹಳ್ಳಿಗಳಲ್ಲಿ ಎರಡು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂಡಿಸುತ್ತಾರೆ. ಅಂಥ ಕೋಣೆಯಲ್ಲಿ 25ಕ್ಕಿಂತ ಹೆಚ್ಚು ಮಕ್ಕಳಿರುವಂತಿಲ್ಲ. ಕಲಿಕೆಗೆ ಅದರಿಂದ ಕೆಡುಕಾದದ್ದನ್ನು ನಾನು ಕಂಡಿಲ್ಲ. ಆದರೆ ಮಗಳ ವಯಸ್ಸಿನ ಹುಡುಗಿಯರು ಇಡೀ ಶಾಲೆಯಲ್ಲಿ ಮೂವರೇ ಇದ್ದು, ಅವರಲ್ಲಿ ಇಬ್ಬರು ಜಗಳವಾಡಿದರೆ ಆ ವರ್ಷ ಕಷ್ಟ. ಎಂಟು ತುಂಬಿದ ಮಕ್ಕಳಿಗೆ ಶಾಲೆ ಮೂರು ಮೈಲಿಗಿಂತ ದೂರವಿದ್ದರೆ ಉಚಿತ ವಾಹನ ಕೊಡಬೇಕೆಂದು ಕಾನೂನಿದೆ. ಮನೆ ಯಾವ ಶಾಲೆಯ ವ್ಯಾಪ್ತಿಗೆ ಬರುತ್ತದೆ ಎಂಬುದು ಕೌನ್ಸಿಲ್ ಜಾಲತಾಣದಲ್ಲಿದೆ.

ಶಿರಸಿಯವಳು

ಎಲ್ಲರೂ ಮನೆ, ಎಣ್ಣೆ, ಬಿರುಗಾಳಿ ಎಂದಿರಿ. ಕಾರು ಓಡಿಸಲು ಬಾರದೆ ಹಳ್ಳಿಗೆ ಬಂದವಳು ನಾನು, ಆ ಪ್ರಶ್ನೆಗೆ ಉತ್ತರ ಹೇಳುತ್ತೇನೆ.

ಹೇಮಾವತಿತೀರ ಅವರೇ, ನೀವು ಕಚೇರಿಗೆ ಹೋಗುವ ಆ ಎರಡು ದಿನ ನಿಮ್ಮ ಯಜಮಾನರು ನಡುಗಡ್ಡೆಯಲ್ಲಿರುತ್ತಾರೆ. ಶಾಲೆಯಿಂದ ‘ಮಗುವಿಗೆ ಜ್ವರ, ಕರೆದುಕೊಂಡು ಹೋಗಿ’ ಎಂದು ಫೋನು ಬರುವುದು ಆ ಎರಡು ದಿನಗಳಲ್ಲೇ. ಎಡಿನ್‌ಬರೋದಿಂದ ನೀವು ಬರಲು ಒಂದೂಕಾಲು ಗಂಟೆಯಾದರೂ ಬೇಕು. ನಮ್ಮ ಮನೆಯಲ್ಲಿ ಮೊದಲ ಚಳಿಗಾಲವೆಲ್ಲ ಇದೇ ಜಗಳ. ಭಾರತದ ಪರವಾನಗಿ ಇದ್ದರೆ ಇಲ್ಲಿ ನೆಲೆಸಿದ ಮೊದಲ 12 ತಿಂಗಳು ಓಡಿಸಬಹುದು, ಆಮೇಲೆ ಇಲ್ಲಿನ ಪರೀಕ್ಷೆ ಪಾಸಾಗಲೇಬೇಕು. ಪರೀಕ್ಷೆಯ ದಿನಾಂಕ ಸಿಗುವುದೇ ತಿಂಗಳುಗಳ ಮಾತು. ಮನೆ ಹುಡುಕುವ ಮೊದಲು ಅದಕ್ಕೆ ಅರ್ಜಿ ಹಾಕಿಸಿ. ಒಂದೇ ವಾಹನ ಹಿಡಿಸುವ ರಸ್ತೆಗಳಲ್ಲೂ ಅಭ್ಯಾಸ ಮಾಡಲಿ: ಎದುರಿನವರಿಗೆ ಜಾಗ ಬಿಡುವ ಕಡೆ ಬಿಳಿ ಫಲಕವಿರುತ್ತದೆ, ಹಿಂದಿನಿಂದ ಅವಸರದಲ್ಲಿ ಬರುವವರಿಗೂ ಅಲ್ಲೇ ನಿಂತು ದಾರಿ ಕೊಡಬೇಕು, ಅಲ್ಲಿ ಗಾಡಿ ನಿಲ್ಲಿಸಿ ಫೋಟೊ ತೆಗೆಯುತ್ತ ನಿಂತರೆ ಊರಿಡೀ ಬೈಯುತ್ತದೆ.

ಅಪ್ಪ ಅಮ್ಮ ಬಂದು ಆರು ತಿಂಗಳು ಇರುತ್ತಾರೆ ಎಂಬ ಆಸೆ ಇದ್ದರೆ ಏಪ್ರಿಲ್‌ಗೆ ಕರೆಸಿ. ನನ್ನ ಅಮ್ಮ ಮೊದಲ ಸಲ ಅಕ್ಟೋಬರ್‌ನಲ್ಲಿ ಬಂದು, ಕಿಟಕಿಯ ಪಕ್ಕ ಕುಳಿತು, ‘ಇಲ್ಲಿ ಮನುಷ್ಯರೇ ಇಲ್ಲವಲ್ಲೇ’ ಎಂದು ದಿನವೂ ಕೊರಗಿದರು. ಎರಡನೆಯ ಸಲ ಬಂದದ್ದು ಕುರಿ ಮರಿ ಹಾಕುವ ಕಾಲಕ್ಕೆ. ಪಕ್ಕದ ತೋಟದಾಕೆ ತಬ್ಬಲಿ ಮರಿಗಳಿಗೆ ಹಾಲು ಕುಡಿಸಲು ಕರೆದಳು. ಕೆಂಪು ರಬ್ಬರ್ ತೊಟ್ಟಿನ ಬಾಟಲಿ ಹಿಡಿದರೆ ಮರಿ ಹಿಂಗಾಲೂರಿ, ಬಾಲ ಬಡಿಯುತ್ತ, ಬಾಟಲಿಯನ್ನೇ ಕಿತ್ತುಕೊಳ್ಳುವಂತೆ ಎಳೆಯುತ್ತದೆ. ಅಮ್ಮನಿಗೆ ಇಂಗ್ಲಿಷ್ ಬಾರದು. ಆಕೆಗೆ ಕನ್ನಡ ಎಲ್ಲಿಂದ ಬರಬೇಕು. ಮೂರನೆಯ ದಿನ ಅಮ್ಮ ಹಸುವಿನತ್ತ ಕೈ ತೋರಿಸಿ, ಗಿಣ್ಣದ ಹಾಲನ್ನು ಏನು ಮಾಡುತ್ತೀರಿ ಎಂದು ನನ್ನ ಮೂಲಕ ಕೇಳಿಸಿದರು. ಆಕೆ ಕೊಟ್ಟಿಗೆಯ ಫ್ರೀಜರ್ ತೆರೆದು ತೋರಿಸಿದಳು: ಬಾಟಲಿ ಬಾಟಲಿ ಗಿಣ್ಣದ ಹಾಲು, ದಿನಾಂಕ ಬರೆದು, ಹೆಪ್ಪುಗಟ್ಟಿಸಿ ಇಟ್ಟಿತ್ತು, ತಾಯಿ ಸತ್ತ ಮರಿಗಳಿಗೆಂದು. ಗಿಣ್ಣು ಮಾಡಲು ಒಂದು ಬಾಟಲಿ ಕೊಟ್ಟಳು. ಏಲಕ್ಕಿ ಬೆಲ್ಲ ಹಾಕಿ ಮಾಡಿದ ಗಿಣ್ಣನ್ನು ತಿಂದು, ಚೆನ್ನಾಗಿದೆ ಎಂದಳು; ಮುಖ ನೋಡಿದರೆ ನಂಬಿಕೆ ಬರಲಿಲ್ಲ. ಆದರೆ ಆ ವರ್ಷ ಅಮ್ಮ ಕೊರಗಲಿಲ್ಲ.

ಮೈಬಣ್ಣದ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಹಳ್ಳಿಯಲ್ಲಿ ನಮ್ಮದೊಂದೇ ಭಾರತೀಯ ಕುಟುಂಬ. ದಿಟ್ಟಿಸಿ ನೋಡುವುದಿದೆ, ‘ನಿಜವಾಗಿ ಯಾವ ಊರು’ ಎಂಬ ಪ್ರಶ್ನೆಯೂ ಇದೆ. ಕೆಟ್ಟ ಮಾತು ಕೇಳಿದ್ದು ಹೊರಗಿನಿಂದ ಬಂದ ಕುಡುಕನಿಂದ, ಅದೂ ಪಟ್ಟಣದ ಬಸ್ಸಿನಲ್ಲಿ. ಹಳ್ಳಿಯವರಿಗೆ ಇಂಗ್ಲೆಂಡಿನಿಂದ ನಿವೃತ್ತರಾಗಿ ಬಂದವರೂ ಹೊರಗಿನವರೇ, ನಾವೂ ಹೊರಗಿನವರೇ.

ಡಾನ್‌ಕಣಿವೆ

ಶಿರಸಿಯವಳ ಅಮ್ಮನಿಗೆ ನಮಸ್ಕಾರ ಹೇಳಿ. ಮರಿಗಳ ಕಾಲದಲ್ಲಿ ನಾಯಿಯನ್ನು ಬಿಡಬೇಡಿ ಎಂಬುದನ್ನೂ ಸೇರಿಸುತ್ತೇನೆ. ಇಲ್ಲಿ ಯಾರ ಜಮೀನಿನಲ್ಲಾದರೂ ಜವಾಬ್ದಾರಿಯಿಂದ ನಡೆದಾಡುವ ಹಕ್ಕು ಎಲ್ಲರಿಗೂ ಇದೆ, ಆದರೆ ಸಾಕುನಾಯಿ ಕುರಿಯ ಮೇಲೆ ಬಿದ್ದರೆ ದಂಡ 40,000 ಪೌಂಡ್‌ವರೆಗೂ ಹೋಗಬಹುದು. ಹುಲ್ಲಿನಲ್ಲಿ ನಡೆದು ಬಂದ ಮೇಲೆ ಮಗಳ ಮೊಣಕಾಲಿನ ಹಿಂದೆ ರಕ್ತ ಹೀರುವ ಉಣ್ಣೆ ಹುಳ ಕಚ್ಚಿಕೊಂಡಿದೆಯೇ ನೋಡಿ, ಲೈಮ್ ಕಾಯಿಲೆ ಬರುವುದು ಅದರಿಂದ.

ಹೇಮಾವತಿತೀರ

ಎಲ್ಲರಿಗೂ ಧನ್ಯವಾದ. ಪ್ರವಾಹ ನಕ್ಷೆ ನೋಡಿದೆವು: ಹಿತ್ತಲು ಪೂರ್ತಿ ನೀಲಿ, ಮನೆ ಅಂಚಿನಲ್ಲಿದೆ. ಯಜಮಾನರು ಚಾಲನಾ ಪರವಾನಗಿಗೆ ಅರ್ಜಿ ಹಾಕಿದ್ದಾರೆ. ನವೆಂಬರ್ ಕೊನೆಯಲ್ಲಿ ಕಾಮ್ರಿಯಲ್ಲೇ ರಜೆಯ ಮನೆಯೊಂದನ್ನು ಹಿಡಿದು, ಅಲ್ಲಿಂದಲೇ ಇಬ್ಬರೂ ಕೆಲಸ ಮಾಡಿ ನೋಡುತ್ತೇವೆ. ಆಮೇಲೆ ಆ ಮನೆ ಇದ್ದರೆ ಇರಲಿ, ಹೋದರೆ ಹೋಗಲಿ. ಸೆಪ್ಟಿಕ್ ಟ್ಯಾಂಕ್ ಯಾವಾಗ ಖಾಲಿ ಮಾಡಿಸಿದ್ದಿರಿ ಎಂದು ಮಾರುವವರನ್ನು ಕೇಳಿಸಿದೆ. ನೆನಪಿಲ್ಲ ಎಂದರಂತೆ.

ಗುಡ್ಡದಡಿ

ಹಾಗಾದರೆ ಅದರ ಮುಚ್ಚಳ ಎಲ್ಲಿದೆ ಎಂದಾದರೂ ನೆನಪಿದೆಯೇ ಎಂದು ಕೇಳಿಸಿ. ಅದು ಆ ನೀಲಿ ಹಿತ್ತಲಿನಲ್ಲೇ ಇದ್ದರೆ ಬೇರೆ ಮನೆ ನೋಡಿ.